ಅತ್ತಿಗೆಯ ಒಪ್ಪಿಗೆ

ಕಂಪ್ಯೂಟರ್ ಪರದೆಯ ಮೇಲೆ ತೆರೆದುಕೊಂಡ ಪುಟ್ಟ ಕಿಟಕಿಯನ್ನು ಮುಚ್ಚಿದ ಮೇಲೆ ಮನುಷ್ಯಜೀವಿ ಎಲ್ಲಿಗೆ ಮರಳಬೇಕು ಎಂಬ ಘನಗಂಭೀರ ಪ್ರಶ್ನೆಯೊಂದು ಆ ಮನೆಯ ಊಟದ ಮೇಜನ್ನು ಬಹುಕಾಲ ಕಾಡಿತು.

ಅತ್ತಿಗೆಗೆ ಕಣ್ಣು ಕಾಣದು. ಮೌಸು ಅವಳ ಪಾಲಿಗೆ ಮೇಜಿನ ಮೇಲೆ ಬಿದ್ದುಕೊಂಡ ಸೋಮಾರಿ. ವ್ಯವಹಾರವೆಲ್ಲ ಟ್ಯಾಬ್ ಕೀಲಿಯ ಜತೆ. ಒತ್ತಿದಂತೆಲ್ಲ ಫೋಕಸ್, ಅಂದರೆ ಕಂಪ್ಯೂಟರಿನ ಗಮನ, ಒಂದು ಗುಂಡಿಯಿಂದ ಇನ್ನೊಂದಕ್ಕೆ ಸರಿಯುತ್ತದೆ, ಕಂಪ್ಯೂಟರು ಅದನ್ನು ಓದಿ ಹೇಳುತ್ತದೆ.

ಮೈದುನ ಆಸ್ಪತ್ರೆಯೊಂದರ ವೆಬ್‌ಸೈಟ್ ಕಟ್ಟುತ್ತಿದ್ದ. ಕಣ್ಣು ಕಾಣದವರೊಬ್ಬರು ಬಳಸಿ ನೋಡಿ ಒಪ್ಪಬೇಕೆಂಬುದು ಆಸ್ಪತ್ರೆಯ ಷರತ್ತು; ಆ ಕೆಲಸ ಅತ್ತಿಗೆಯ ಪಾಲಿಗೆ ಬಂತು. ವೈದ್ಯರ ಹೆಸರು ಒತ್ತಿದರೆ ಪುಟ್ಟ ಕಿಟಕಿ; ಸಮಯ ಹೊಂದದಿದ್ದರೆ ಅದನ್ನು ಮುಚ್ಚಿ ಮುಂದಿನ ವೈದ್ಯರನ್ನು ಹುಡುಕಬೇಕು. ಆದರೆ ಮುಚ್ಚಿದೊಡನೆ ಫೋಕಸ್ ಪುಟದ ನೆತ್ತಿಗೆ ಹಾರುತ್ತಿತ್ತು. ಮತ್ತೆ ಮೊದಲಿಂದ ಆಸ್ಪತ್ರೆ ಅಧ್ಯಕ್ಷರ ಸಂದೇಶ, ಮತ್ತೆ ಅಷ್ಟೂ ವೈದ್ಯರು.

“ಏನಪ್ಪಾ, ಮಹಡಿ ಮೇಲಿನ ಬಾಗಿಲು ಹಾಕಿದ್ರೆ ಬೀದೀಲಿ ತಂದು ನಿಲ್ಲಿಸ್ತೀಯಲ್ಲ!”

“ನಿಮ್ಮ ಬೈಗುಳ ಮುಗಿಯೋದ್ರೊಳಗೆ ಸರಿ ಮಾಡ್ತೀನಿ ಅತ್ತಿಗೆ.”

“ಹಾಗಾದ್ರೆ ಬೇಕಾದಷ್ಟು ಟೈಮಿದೆ ನಿನಗೆ.”

ಸರಿಮಾಡಿ ಕಳಿಸಿದ. ಕಿಟಕಿ ಮುಚ್ಚಿದಳು, ಅದೇ ವೈದ್ಯರ ಹೆಸರಿಗೇ ಬಂದು ನಿಂತಳು. ಹಿಗ್ಗಿಹೋದಳು. ಆಸ್ಪತ್ರೆಗೆ ಒಪ್ಪಿಗೆ ಕೊಟ್ಟದ್ದಲ್ಲದೆ, ತನ್ನಂತೆಯೇ ಕಣ್ಣು ಕಾಣದ ಗೆಳತಿಯರಿಗೂ ಭರವಸೆ ಕೊಟ್ಟಳು: “ನನ್ನ ಮೈದುನ ಮಾಡಿದ್ದು. ಕಣ್ಣು ಮುಚ್ಕೊಂಡು ನಂಬಿ.”

“ತೆರೆದ್ರೂ ಅಷ್ಟೇ ಅಲ್ವೇನೇ,” ಎಂದು ಅವರಲ್ಲಿ ಟೈಪಿಸ್ಟಾಗಿದ್ದವಳು ನಕ್ಕಳು.

ಸೈಟು ತೆರೆದ ವಾರದಲ್ಲೇ ಟೈಪಿಸ್ಟ್ ಗೆಳತಿಯ ಫೋನು. “ಮುಚ್ಚಿದಾಗೆಲ್ಲ ಅಧ್ಯಕ್ಷರ ಬಾಯಿಗೆ ಬೀಳ್ತೀನಲ್ಲೇ!”

“ಕುಣಿಯೋಕೆ ಬಾರದವಳ ಹಾಗೆ ಮಾತಾಡ್ಬೇಡ. ನೀನೇ ಏನೋ ತಪ್ಪು ಒತ್ತಿರ್ತೀಯ.”

“ಇರಬಹುದಮ್ಮ.”

ತೋರಿಸಿಯೇ ಬಿಡುತ್ತೇನೆಂದು ಅತ್ತಿಗೆ ಅವಳ ಮನೆಗೆ ಹೋದಳು. ಕಿಟಕಿ ತೆರೆದಳು, ಮುಚ್ಚಿದಳು. “ಅಧ್ಯಕ್ಷರ ಸಂದೇಶ,” ಎಂದಿತು ಕಂಪ್ಯೂಟರು. ಮತ್ತೊಮ್ಮೆ. ಮತ್ತೂ ಅದೇ. ಗೆಳತಿ ಟೀ ಮಾಡಲು ಎದ್ದುಹೋದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮೈದುನ ಊಟಕ್ಕೆ ಕೂತಿದ್ದಾಗ ಕೇಳಿದಳು.

“ಕಿಟಕಿ ಇನ್ನೂ ಚಂದ ಕಾಣ್ಬೇಕು ಅಂತ ಆಸ್ಪತ್ರೆಯವರು ಕೊನೇ ಗಳಿಗೇಲಿ ಅಂದ್ರು, ಅತ್ತಿಗೆ. ಹೊಸದ್ರಲ್ಲಿ ಫೋಕಸ್ ಕೈಗೆ ಸಿಗ್ಲಿಲ್ಲ. ನಿಮ್ಮ ಒಪ್ಪಿಗೆ ಇಲ್ದೆ ಸೈಟು ತೆರೆಯೋ ಹಾಗಿರ್ಲಿಲ್ಲ.”

“ನನಗೆ ಕಳಿಸಿದ್ದು?”

“ಹಳೇದು. ನಿಮಗೋಸ್ಕರ ಅಂತಾನೇ ಬೇರೆ ವಿಳಾಸದಲ್ಲಿ ಇಟ್ಟಿದೀನಿ. ಈಗ್ಲೂ ಇದೆ. ನಿಮಗೇನೂ ತೊಂದರೆ ಆಗಲ್ಲ.”

ಉಪಕಾರ ಮಾಡಿದವನ ದನಿಯಲ್ಲೇ ಹೇಳಿದ. ತಟ್ಟೆಯಿಂದ ತಲೆ ಎತ್ತದೆ ಗಂಡ ಸೇರಿಸಿದ: “ನೋಡು, ನಿನಗೇ ಅಂತ ಮಾಡಿಟ್ಟಿದಾನೆ. ಇನ್ಯಾಕೆ ರಾದ್ಧಾಂತ?”

ಅವಳು ತುತ್ತನ್ನು ತಟ್ಟೆಗೇ ಮರಳಿಸಿದಳು. ಗಂಡನಿಗೂ ಮೊದಲೇ ಗೊತ್ತಿತ್ತು; ಅಣ್ಣತಮ್ಮ ಇಬ್ಬರೂ ಮಾತಾಡಿಕೊಂಡೇ ಮಾಡಿದ್ದರು.

ಬೆಳಗ್ಗೆ ಆಸ್ಪತ್ರೆಗೆ ಫೋನು ಮಾಡಿ ಒಪ್ಪಿಗೆ ಹಿಂತೆಗೆದುಕೊಂಡಳು. ಅವರು ಧನ್ಯವಾದ ಹೇಳಿದರು. ಗೆಳತಿಯರಿಗೂ ಒಬ್ಬೊಬ್ಬರಾಗಿ ನಡೆದದ್ದು ಹೇಳಿದಳು. ಅವರು ಪರವಾಗಿಲ್ಲ ಅಂದರು.

ಸೈಟು ಹಾಗೆಯೇ ಇದೆ. ಯಾವ ಸೈಟನ್ನು ನಂಬಿ ಬಳಸಬಹುದೆಂದು ಗೆಳತಿಯರು ಈಗ ಅವಳನ್ನು ಕೇಳುವುದಿಲ್ಲ.