ಉಸಿರು ಬಿಗಿಹಿಡಿಯದ ತಫೀದಾ

ತಫೀದಾ ಇದ್ದ ಕಡೆ ಪಿಸುಮಾತು ಬಾಳುತ್ತಿರಲಿಲ್ಲ. ಇಬ್ಬರು ತಲೆಗೆ ತಲೆ ತಂದು ಗುಸುಗುಸು ಆರಂಭಿಸಿದರೆಂದರೆ, ಎಡಗಾಲನ್ನು ತುಸು ಎಳೆಯುತ್ತ ಬಂದು ಅವರ ನಡುವೆಯೇ ನಿಂತು, "ಹ್ಞೂಂ, ಈಗ ಹೇಳಿ" ಎನ್ನುವುದು ಆಕೆಯ ಪದ್ಧತಿ. ಮರಗೆಲಸಕ್ಕೂ ಬಿಳಿ ಚೀಸಿಗೂ ಹೆಸರಾದ, ಈಜಿಪ್ಟಿನ ನಮ್ಮ ದುಮ್ಯಾತ್ ಊರಿನಲ್ಲಿ, ಗಂಡ ತೀರಿಕೊಂಡ ಮೇಲೆ ಅವನ ಕಂದುಬಣ್ಣದ ಉಣ್ಣೆಯ ಕೋಟನ್ನೇ ತೊಟ್ಟು, ಅವನ ಅಂಗಡಿಯಲ್ಲೇ ಕುರ್ಚಿ ಮಂಚಗಳಿಗೆ ಅರಗಿನ ಮೆರುಗು ಹಾಕುತ್ತ ಬದುಕಿದವಳು. ಕೋಟಿನ ತೋಳು ಅರಗು ಹತ್ತಿ ಹತ್ತಿ ಹಲಗೆಯಂತೆ ಬಿರುಸಾಗಿತ್ತು. ಹೆಂಗಸಿಗೆ ಇದು ಚಂದವೇ ಎಂದವರಿಗೆ, "ಚಂದಕ್ಕೆ ಕುರ್ಚಿ ಇದೆಯಲ್ಲ, ಅದನ್ನ ನೋಡಿ" ಎನ್ನುತ್ತಿದ್ದಳು.

ಅಂಥವಳ ಕಾಲು ಊದಿಕೊಂಡಿತು, ಮೂತ್ರದಲ್ಲಿ ನೊರೆ ಕಾಣಿಸಿತು. ನಮ್ಮಲ್ಲಿ ರೋಗದ ಹೆಸರನ್ನು ರೋಗಿಯ ಕಿವಿಗೆ ಹಾಕುವ ವಾಡಿಕೆಯಿಲ್ಲ. ವೈದ್ಯರು ಮನೆಯ ಗಂಡಸನ್ನು ಹೊರಗೆ ಕರೆದು ಹೇಳುತ್ತಾರೆ, ಒಳಗಿರುವವರಿಗೆ ನಗುಮುಖ ತೋರಿಸುತ್ತಾರೆ. ಅದನ್ನು ಪ್ರೀತಿಯೆಂದೇ ನಂಬಿದವರು ನಾವೆಲ್ಲ. ಮಿತ್ವಲ್ಲಿ ಎಂಬ ಅವಳ ತಮ್ಮ, ಬಹಳ ಮೃದು ಮನುಷ್ಯ, ಹಾಗೆಯೇ ನಂಬಿದ. ವೈದ್ಯರು ಅವನನ್ನು ಹೊರಗೆ ಕರೆದು ಉಪ್ಪು ಕೂಡದೆಂದ ಮೇಲೆ, ಮೊದಲು ಅಕ್ಕನ ತಟ್ಟೆಯಿಂದ ಉಪ್ಪಿನ ಬಿಳಿ ಚೀಸನ್ನು ಮಾಯಮಾಡಿದ.

"ಅಂಗಡೀಲಿ ಮುಗಿದೋಯ್ತಂತೆ ಅಕ್ಕಾ."

"ದುಮ್ಯಾತ್‌ನಲ್ಲಿ ಚೀಸ್ ಮುಗೀತಾ? ನೈಲ್ ನದೀಲಿ ನೀರಿದೆಯೇನೋ, ನೋಡ್ಕೊಂಡು ಬಾ."

ಒಂದು ಬೆಳಗ್ಗೆ, ಸೊಂಟನೋವಿಗೆ ಸೂಜಿ ಹಾಕಿಸಬೇಕೆಂದು ಹೇಳಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದ. ಹೊಟ್ಟೆಯಡಿಗೆ ಗಟ್ಟಿ ದಿಂಬಿಟ್ಟು ಬೋರಲಾಗಿ ಮಲಗಿಸಿದರು. ಬೆನ್ನಿಗೆ ತಣ್ಣನೆಯ ಔಷಧ ಸವರಿ, ಅಷ್ಟು ಜಾಗವನ್ನು ಮಾತ್ರ ಮರಗಟ್ಟಿಸಿದರು. ತಮ್ಮನ ಉಪಾಯ ಕೆಟ್ಟದ್ದು ಅಲ್ಲಿಯೇ. ಉಸಿರಿನೊಡನೆ ಕಿಡ್ನಿಯೂ ಮೇಲೆ ಕೆಳಗೆ ಸರಿಯುತ್ತದೆ. ರೋಗಿ ತಾನಾಗಿ ಉಸಿರು ಬಿಗಿಹಿಡಿಯದೆ ಸೂಜಿ ಇಳಿಸುವಂತಿಲ್ಲ.

"ಹಜ್ಜಾ, ಉಸಿರು ಹಿಡ್ಕೊಳ್ಳಿ" ಎಂದರು ತರುಣ ವೈದ್ಯ ಹೈಥಮ್, ಹಿರಿಯ ಹೆಂಗಸರನ್ನು ನಮ್ಮಲ್ಲಿ ಗೌರವದಿಂದ ಕರೆಯುವಂತೆ.

ತಫೀದಾ ದೀರ್ಘವಾಗಿ ಉಸಿರೆಳೆದು, ದೀರ್ಘವಾಗಿ ಬಿಟ್ಟಳು.

"ಹಿಡ್ಕೊಳ್ಳಿ ಅಂದೆ."

"ಯಾಕೆ ಅಂತ ಹೇಳು, ಹಿಡ್ಕೋತೀನಿ. ಸೊಂಟನೋವಿಗೆ ಯಾರೂ ಉಸಿರು ಕೇಳಲ್ಲ ಮಗಾ."

ಬಾಗಿಲಾಚೆಯಿಂದ ಮಿತ್ವಲ್ಲಿ, "ಅಕ್ಕಾ, ಡಾಕ್ಟರು ಹೇಳ್ದಂಗೆ ಕೇಳು" ಎಂದ.

"ನೀನು ಚೀಸ್ ಹುಡುಕೋಕೆ ಹೋಗು."

ವೈದ್ಯರು ಬಾಗಿಲ ಕಡೆ ನೋಡಿದರು, ಯಂತ್ರದ ಪರದೆಯ ಮೇಲೆ ನಿಲ್ಲದೆ ಓಲಾಡುತ್ತಿದ್ದ ಕಿಡ್ನಿಯನ್ನು ನೋಡಿದರು. ಕೊನೆಗೆ ಅವಳ ತಲೆಯ ಬಳಿ ಕುಕ್ಕರುಗಾಲಿನಲ್ಲಿ ಕುಳಿತರು.

"ಕಿಡ್ನಿ ಸೋರ್ತಾ ಇದೆ ಹಜ್ಜಾ. ಯಾಕೆ ಅಂತ ಗೊತ್ತಿಲ್ಲ. ನೂಲಿನಷ್ಟು ಸಣ್ಣ ಚೂರು ತೆಗೆದು ನೋಡ್ಬೇಕು. ಟಕ್ ಅಂತ ಸದ್ದಾಗತ್ತೆ, ಬೆಚ್ಚಬೇಡಿ. ರಕ್ತ ಒಸರಬಹುದು, ಅದಕ್ಕೆ ಸಂಜೆವರೆಗೂ ಅಂಗಾತ ಮಲಗಿರ್ಬೇಕು. ಮೂತ್ರ ಕೆಂಪಗಾದ್ರೆ ಕೂಡ್ಲೇ ಹೇಳ್ಬೇಕು."

"ಕಿಡ್ನಿ ಹೋಗತ್ತಾ?"

"ಹೋಗಬಹುದು. ಚೂರು ನೋಡಿದ್ರೆ ಉಳಿಸೋ ದಾರಿ ಸಿಗಬಹುದು."

"ಬೇಡ ಅಂದ್ರೆ ಬಿಟ್ಬಿಡ್ತೀಯಾ?"

"ಬಿಡ್ತೀನಿ."

ಆಕೆ ಹಾಸಿಗೆಗೆ ಕೆನ್ನೆಯೊತ್ತಿದಳು. "ಹಂಗಾದ್ರೆ ಚುಚ್ಚು. ಏನು ಬಂದ್ರೂ ಮೊದಲು ನನಗೆ ಹೇಳ್ಬೇಕು, ಅವನಿಗಲ್ಲ."

ಆಮೇಲೆ ಆಕೆ ಹಿಡಿದ ಉಸಿರಿಗೆ ಪರದೆಯ ಮೇಲಿನ ಕಿಡ್ನಿ ಕಲ್ಲಿನಂತೆ ನಿಂತಿತು. ಅಂಗಾತ ಮಲಗಿದ್ದ ಆ ಇಡೀ ಮಧ್ಯಾಹ್ನ, ಕಣ್ಣೊರೆಸಿಕೊಳ್ಳುತ್ತಿದ್ದ ತಮ್ಮನಿಗೆ ಮಾತ್ರ ಬಿಡುವಿಲ್ಲದೆ ಬೈದಳು. ಅವನಿಗೂ ಅದರಿಂದ ಹಿತವೇ ಆಯಿತು.

ಫಲಿತಾಂಶದ ದಿನ ವೈದ್ಯರು ಅಭ್ಯಾಸಬಲದಿಂದ ಮಿತ್ವಲ್ಲಿಯ ಮೊಣಕೈ ಹಿಡಿದು ಮೊಗಸಾಲೆಗೆ ಕರೆದರು. ಅವನ ಮುಖ ಬಿಳಿಚಿಕೊಂಡಿತು. ಆದರೂ ಕೈ ಬಿಡಿಸಿಕೊಂಡ. "ನನಗೆ ಹೇಳ್ಬೇಡಿ ಡಾಕ್ಟ್ರೇ. ಅವಳು ಒಳಗಿದ್ದಾಳೆ."

ಬಾಗಿಲು ಮುಚ್ಚಿತು. ತೆರೆದಾಗ ತಫೀದಾ ತಾನೇ ನಡೆದು ಬಂದು, ಅಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದಳು: "ಮದ್ದಿದೆಯಂತೆ, ಬಹಳ ದಿನ ಹಿಡಿಯತ್ತಂತೆ. ಕಿಡ್ನಿ ಉಳಿಯತ್ತೆ ಅಂತ ಮಾತು ಕೊಡಲ್ವಂತೆ. ಅಳ್ಬೇಡ, ಗಾಡಿ ಕರಿ."

ಇಂಥವರನ್ನು ಜಗತ್ತು ಹಟಮಾರಿಗಳೆಂದು ಕರೆದು ಕೈತೊಳೆದುಕೊಳ್ಳುತ್ತದೆ. ತಮ್ಮ ಭಯವನ್ನು ಬೇರೆಯವರ ಕೈಗೊಪ್ಪಿಸಿ ನಿಶ್ಚಿಂತರಾಗಿರುವುದು ಅವರಿಗೆ ಬಾರದು. ಬರುವ ಕೇಡನ್ನೂ ಅದರ ಹೆಸರು ಹಿಡಿದು ಕರೆದು, ಎದುರಿಗೆ ಕೂರಿಸಿಕೊಂಡೇ ಮಾತನಾಡಿಸುತ್ತಾರೆ. ಅವರ ಹಾಸಿಗೆಯ ಪಕ್ಕದಲ್ಲಿ ಕೂರುವುದಕ್ಕೆ, ಸುಳ್ಳು ಹೇಳಿ ಸಮಾಧಾನಪಡಿಸುವುದನ್ನೇ ಪ್ರೀತಿಯೆಂದು ಕಲಿತ ನಮ್ಮಂಥವರಿಗೆ, ಅವರಿಗಿಂತ ಹೆಚ್ಚು ಎದೆಗಾರಿಕೆ ಬೇಕಾಗುತ್ತದೆ.