ಗೋಡೆಯ ಮೇಲಿನ ಹೆಸರು

ಆ ಬೆಳಿಗ್ಗೆ ಕಡಲಿನಿಂದ ಎದ್ದ ಮಂಜು ತೊಂಗ್ಯೊಂಗ್ ಬಂದರನ್ನು ನುಂಗಿಕೊಂಡು ಕೂತಿತ್ತು. ದೋಣಿಗಳ ಸದ್ದು ಕೇಳುತ್ತಿತ್ತು, ದೋಣಿಗಳು ಕಾಣುತ್ತಿರಲಿಲ್ಲ. ಗುಮ್ರಾನ್ ತನ್ನ ಉಗುರು ಆರೈಕೆಯ ಪುಟ್ಟ ಅಂಗಡಿಯ ಬಾಗಿಲು ತೆಗೆದು, ಎಂದಿನಂತೆ ಗೋಡೆಯ ಮೇಲಿನ ಗಾಜಿನ ಚೌಕಟ್ಟನ್ನು ಒರೆಸಿದಳು. ಒಳಗಿದ್ದದ್ದು ಪರವಾನಗಿ ಪತ್ರ. ಅದರಲ್ಲಿದ್ದ ಹೆಸರು ಅವಳದಲ್ಲ.

ಅದು ಅಂಗಡಿಯ ಹಿಂದಿನ ಒಡತಿ ಯೊನ್ಸುಕ್ ಅಕ್ಕನದು. ಒಂಬತ್ತು ವರ್ಷದ ಹಿಂದೆ ಸೊಂಟ ಕೈಕೊಟ್ಟು ಅಕ್ಕ ಅಂಗಡಿ ಬಿಟ್ಟಾಗ, "ಚೌಕಟ್ಟು ಅಲ್ಲೇ ಇರ್ಲಿ ಬಿಡೇ. ಕೆಲಸ ನಿನ್ನ ಕೈಗೆ ಹತ್ತಿದೆ, ಕಾಗದಕ್ಕೇನು ಅವಸರ," ಅಂದಿದ್ದಳು. ಅಂದಿನಿಂದ ಹೊಸ ಗಿರಾಕಿಗಳು ಗೋಡೆ ನೋಡಿ "ಯೊನ್ಸುಕ್" ಎಂದು ಕರೆದರು, ಇವಳು "ಹೂಂ" ಎಂದಳು. ಮನೆಯಲ್ಲಿ ಅತ್ತೆಗೆ ಇವಳು ಮಿನ್ಗುವಿನ ಅಮ್ಮ. ಗುಮ್ರಾನ್ ಎಂಬ ಹೆಸರು ಮದುವೆಯ ಸೀರೆಯಂತೆ ಪೆಟ್ಟಿಗೆಯ ತಳ ಸೇರಿತ್ತು ಎನ್ನೋಣವೆಂದರೆ, ಆ ಊರಿನಲ್ಲಿ ಸೀರೆಯಿಲ್ಲ. ಹೆಸರು ಮಾತ್ರ ಹಾಗೆಯೇ ಮಡಿಚಿಟ್ಟಿತ್ತು.

ಅಂದು ಮೊದಲು ಬಂದವಳು ಓಕ್ಜು, ಕಡಲ ಸಿಂಪಿಯ ಚಿಪ್ಪು ಬಿಡಿಸಿ ಮಾಂಸ ತೆಗೆಯುವ ಕೂಲಿಯ ಹೆಂಗಸು. ಮಗಳ ಮದುವೆಗೆಂದು ಹಿಂದಿನ ವಾರ ಇಲ್ಲೇ ಉಗುರು ಮಾಡಿಸಿಕೊಂಡಿದ್ದಳು. ಈಗ ಹೆಬ್ಬೆರಳು ಬದನೆಕಾಯಿಯಂತೆ ಊದಿ, ಮೇಲೆ ಪಟ್ಟಿ ಕಟ್ಟಿತ್ತು.

"ಕೀವು ತೆಗೆಸ್ಕೊಂಡ್ ಬಂದೆ ಕಣೇ. ಉಗುರಿನ ಬುಡದ ಚರ್ಮ ಯಾರಮ್ಮ ಕತ್ತರಿಸಿದ್ದು ಅಂದ್ರು ಡಾಕ್ಟ್ರು. ನಮ್ ಯೊನ್ಸುಕ್ ಅಂಥೋಳಲ್ಲ, ಪರವಾನಗಿ ಇರೋಳು, ಚಿಪ್ಪು ಚುಚ್ಚಿರ್ಬೇಕು ಅಂದೆ."

ಗುಮ್ರಾನ್‌ಗೆ, ಚೆಂದ ಕಾಣಲೆಂದು ಬುಡದವರೆಗೂ ಕತ್ತರಿಸಿದ್ದು ನೆನಪಿತ್ತು; ಕತ್ತರಿಯನ್ನು ಬರಿಯ ಬಟ್ಟೆಯಲ್ಲಿ ಒರೆಸಿದ್ದೂ ನೆನಪಿತ್ತು. ತಪ್ಪು ತನ್ನದು, ಹೊರುವ ಹೆಸರು ಅಕ್ಕನದು. ಅದನ್ನು ಹೇಳದೆಯೇ ಓಕ್ಜುವನ್ನು ಬಾಗಿಲವರೆಗೆ ಕಳಿಸಿಬಂದಳು.

ಮರುದಿನ ಅಂಗಡಿಗೆ ಬೀಗ ಹಾಕಿ, ತನ್ನದೇ ಪರವಾನಗಿಗಾಗಿ ಉಗುರು ಆರೈಕೆಯ ತರಬೇತಿಗೆ ಸೇರಿದಳು.

"ಉಗುರಿಗೆ ಬಣ್ಣ ಬಳಿಯೋಕೂ ಶಾಲೆನಾ?" ಅತ್ತೆ ದಾಲ್ಸಿಮ್ ಜಪಮಾಲೆ ನಿಲ್ಲಿಸಿ ಕೇಳಿದಳು. "ನಲ್ವತ್ತು ವರ್ಷದಿಂದ ಸಿಂಪಿ ಬಿಡಿಸ್ತಿದೀನಿ. ಒಂದು ಸಿಂಪಿನಾದ್ರೂ ಸರ್ಟಿಫಿಕೇಟ್ ಕೇಳ್ತಾ?"

"ಸಿಂಪಿಗೆ ನೋವಾದ್ರೆ ಹೇಳ್ಕೊಳ್ಳೋಕೆ ಬಾಯಿಲ್ಲವಲ್ಲ ಅತ್ತೆ."

ಮುದುಕಿಯ ಬೆರಳಲ್ಲಿ ಮಣಿಗಳು ಮತ್ತೆ ಸರಿದವು.

ತರಗತಿಯಲ್ಲಿ ಎಲ್ಲರೂ ಅವಳ ಮಕ್ಕಳ ವಯಸ್ಸಿನವರು. ಮೊದಲ ವಾರ ಬಣ್ಣದ ಸೀಸೆಯನ್ನು ಮುಟ್ಟಲೂ ಬಿಡಲಿಲ್ಲ. ಕೈ ತೊಳೆಯುವುದು, ಸಲಕರಣೆ ಶುದ್ಧಮಾಡುವುದು, ಚರ್ಮದ ರೋಗಗಳನ್ನು ಗುರುತಿಸುವುದು, ಇಷ್ಟೇ. "ಯಾವ ಕೈನ ಮುಟ್ಟಬಾರ್ದು ಅಂತ ಮೊದ್ಲು ಕಲೀರಿ, ಮುಟ್ಟೋದು ಆಮೇಲೆ ಹೇಳ್ಕೊಡ್ತೀನಿ," ಎಂದಳು ಟೀಚರ್. ಒಂಬತ್ತು ವರ್ಷ ಯಾವ ಕೈಯನ್ನೂ ಬಿಡದೆ ಮುಟ್ಟಿದ್ದ ಗುಮ್ರಾನ್ ತಲೆ ತಗ್ಗಿಸಿ ಬರೆದುಕೊಂಡಳು.

ಪರೀಕ್ಷೆಯಲ್ಲಿ ಉಗುರು ಮಾಡಿ ತೋರಿಸಲು ಒಬ್ಬರನ್ನು ಜೊತೆಗೆ ಕರೆದೊಯ್ಯಬೇಕಿತ್ತು. ಅವರ ಉಗುರಿಗೆ ಯಾರ ಕೈಚಳಕವೂ ತಾಗಿರಬಾರದು. ಗೆಳತಿಯರ ಉಗುರನ್ನೆಲ್ಲ ಇವಳೇ ತಿದ್ದಿಯಾಗಿತ್ತು. ಉಳಿದದ್ದು ಅತ್ತೆಯ ಕೈ.

"ಈ ಕೈನಾ? ಏಡಿ ಅನ್ಕೊಂಡು ಕುದಿಸ್ಬಿಟ್ಟಾರು!" ಎಂದು ದಾಲ್ಸಿಮ್ ನಕ್ಕಳು. ಆದರೂ ಆ ದಿನ ಗುಡಿಗೆ ಹೋಗುವ ಅಂಗಿ ತೊಟ್ಟು, ಎಲ್ಲರಿಗಿಂತ ಮುಂಚೆ ಹೊಸಿಲ ಬಳಿ ನಿಂತಿದ್ದಳು.

ಪರೀಕ್ಷೆಯ ಕೋಣೆಯಲ್ಲಿ ಮನೆತನದ ಹೆಸರು ಸೇರಿಸಿ ಕೂಗಿದರು. "ಪ್ಯೋ ಗುಮ್ರಾನ್."

ಯಾರೂ ಏಳಲಿಲ್ಲ. ಮತ್ತೆ ಕೂಗಿದರು. ಯಾರಿರಬಹುದೆಂದು ಗುಮ್ರಾನ್ ಕೂಡ ಅತ್ತಿತ್ತ ನೋಡಿದಳು. ಪಕ್ಕೆಗೆ ಒಂದು ತಿವಿತ ಬಿತ್ತು.

"ಏಳೇ ಗುಮ್ರಾನ್! ನಿನ್ನೇ ಕರೀತಿರೋದು."

ಸೊಸೆಯಾಗಿ ಬಂದ ಇಪ್ಪತ್ತೊಂದು ವರ್ಷದಲ್ಲಿ ಅತ್ತೆಯ ಬಾಯಲ್ಲಿ ಆ ಹೆಸರು ಬಂದದ್ದು ಅದೇ ಮೊದಲು.

ಉಪ್ಪುನೀರಿಗೆ ಬಿರಿದ ಅತ್ತೆಯ ಕೈಗಳನ್ನು ಗುಮ್ರಾನ್ ಬುದ್ಧನ ಮುಂದಿನ ದೀಪ ಎತ್ತುವಷ್ಟು ಮೆಲ್ಲಗೆ ಎತ್ತಿಕೊಂಡಳು. ಬಲಗೈಯ ಕಿರುಬೆರಳಿನ ಉಗುರಿನ ಪಕ್ಕ ಚಿಪ್ಪಿನ ಹಸಿಗಾಯವೊಂದು ಕಂಡಿತು. ಅದನ್ನು ಒರೆಸಿ, ಪಟ್ಟಿ ಹಚ್ಚಿ, ಆ ಬೆರಳನ್ನು ಬದಿಗಿಟ್ಟಳು.

"ಹತ್ತೂ ಮಾಡೇ," ಅತ್ತೆ ಪಿಸುಗುಟ್ಟಿದಳು. "ನಂಗೇನೂ ನೋಯಲ್ಲ. ಅಂಕ ಹೋಗುತ್ತೆ!"

"ಹೋಗ್ಲಿ ಅತ್ತೆ. ಈ ಬೆರಳು ಇವತ್ತು ಮುಟ್ಟೋ ಹಾಗಿಲ್ಲ."

ಪರೀಕ್ಷಕಿ ಬಂದು ಪಟ್ಟಿ ನೋಡಿ, ಏನೋ ಬರೆದುಕೊಂಡು ಮುಂದೆ ಹೋದಳು. ಹಿಂದಿರುಗುವ ಬಸ್ಸಿನಲ್ಲಿ ದಾಲ್ಸಿಮ್ ತನ್ನ ಒಂಬತ್ತು ಬೆರಳುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಡಿದು ನೋಡಿಕೊಂಡಳು.

ಫಲಿತಾಂಶ ಬಂದಿತು. ಅಂಚಿನಲ್ಲಿ, ಆದರೂ ಪಾಸು.

ಗುಮ್ರಾನ್ ಮೊದಲು ಓಕ್ಜುವಿನ ಮನೆಗೆ ಹೋದಳು. "ಅದು ಚಿಪ್ಪಲ್ಲ ಚಿಕ್ಕಮ್ಮ, ನನ್ನ ಕತ್ತರಿ. ಆ ಪರವಾನಗಿನೂ ನಂದಲ್ಲ, ನಾನು ಯೊನ್ಸುಕ್ಕೂ ಅಲ್ಲ. ತಪ್ಪಾಯ್ತು."

ಓಕ್ಜು ಹೆಬ್ಬೆರಳು ಸವರಿಕೊಂಡಳು. "ಚಿಪ್ಪು ಅಷ್ಟು ನೀಟಾಗಿ ಕತ್ತರಿಸುತ್ತೇನೇ? ಗೊತ್ತಿತ್ತು. ನೀನಾಗೇ ಹೇಳ್ತೀಯೇನೋ ಅಂತ ಕಾದೆ," ಎಂದಳು. "ಸರಿ, ಇನ್ಮೇಲೆ ಏನಂತ ಕರೀಲಿ ನಿನ್ನ?"

ಸಂಜೆ ಗುಮ್ರಾನ್ ಅಂಗಡಿಯ ಗೋಡೆಯಿಂದ ಚೌಕಟ್ಟನ್ನು ಇಳಿಸಿ, ಗಾಜು ಒರೆಸಿ, ನೇರಳೆ ಬಟ್ಟೆಯಲ್ಲಿ ಸುತ್ತಿದಳು. ಯೊನ್ಸುಕ್ ಅಕ್ಕ ಈಗ ಬಂದರಿನ ಓಣಿಯಲ್ಲಿ ಗಂಜಿ ಮಾರುತ್ತಾಳೆ; ಗುಮ್ರಾನ್ ಅಲ್ಲಿಗೆ ನಡೆದಳು. ಗಂಟು ನೋಡಿದೊಡನೆ ಒಳಗೇನಿದೆಯೆಂದು ಅಕ್ಕನಿಗೆ ತಿಳಿಯಿತು. ಸೌಟು ಕೆಳಗಿಟ್ಟು, ಒದ್ದೆ ಕೈಗಳನ್ನು ಸೊಂಟಕ್ಕೆ ಕಟ್ಟಿದ ಬಟ್ಟೆಗೆ ಒರೆಸಿಕೊಂಡಳು.

ಗುಮ್ರಾನ್ ತುಸು ಬಾಗಿ, ಎರಡೂ ಕೈಯಲ್ಲಿ ಗಂಟನ್ನು ಮುಂದೆ ಹಿಡಿದಳು.

"ತಗೋ ಅಕ್ಕ, ನಿನ್ನ ಹೆಸರು."