ಬಂದೂಕು ಅಂದವಳು

"ಏಳೇ ಲೌಡಿ! ಊರಲ್ಲಿ ನೀನೊಬ್ಳೇ ಬಸುರಿಯಾ? ನಾಟಕ ಕಟ್ಬೇಡ!"

ಲಾಂಡ್ರಿಯ ಮೇಸ್ತ್ರಿ ಒದ್ದೆ ಹಾಸುಬಟ್ಟೆಗಳ ಗುಡ್ಡೆಗೆ ಬೂಟುಗಾಲಿನಿಂದ ಒದ್ದ. ಅದರ ಮೇಲೆ ಕುಸಿದಿದ್ದವಳು ಮಿಸುಕಲಿಲ್ಲ. ಹಬೆಯಲ್ಲಿ ಅವಳ ತುಟಿ ಬಿಳಿಚಿಕೊಂಡಿತ್ತು. ಕೆಳಗಿದ್ದ ಬಿಳಿ ಬಟ್ಟೆಗೆ ರಕ್ತ ಇಳಿಯುತ್ತಿತ್ತು.

"ರಕ್ತ ಹೋಗ್ತಿದೆ ಸ್ವಾಮಿ, ಬಾಗಿಲು ತೆಗೀರಿ," ಎಂದಳು ಇಸ್ತ್ರಿಯವಳು. ಬಿದ್ದವಳು ಅವಳ ನಾದಿನಿ.

"ಲಾರಿ ತುಂಬೋವರೆಗೂ ಬಾಗಿಲು ತೆಗೆಯಲ್ಲ. ಆ ಬಟ್ಟೆ ಕಲೆ ಆಯ್ತಲ್ಲ, ನಿಮ್ಮಪ್ಪ ಒಗೀತಾನಾ?"

ಅವನು ಹೊರಗೆ ಹೋಗಿ ಬೀಗ ಜಡಿದ.

ಹೆಂಗಸರ ಫೋನುಗಳನ್ನೆಲ್ಲ ಬೆಳಿಗ್ಗೆಯೇ ಬಾಗಿಲಲ್ಲಿ ಕಿತ್ತಿಟ್ಟುಕೊಳ್ಳುತ್ತಿದ್ದರು. ಬಾಯ್ಲರಿಗೆ ಸೌದೆ ಹಾಕುವ ಕಿವುಡು ತಾತನದನ್ನು ಮಾತ್ರ ಬಿಟ್ಟಿದ್ದರು. ಕಿವಿಯಿಲ್ಲದವನು ಯಾರ ಜೊತೆ ಮಾತಾಡಿಯಾನು ಎಂದು ಮೇಸ್ತ್ರಿ ನಕ್ಕಿದ್ದ. ತಾತ ಅದರಲ್ಲಿ ಮೊಮ್ಮಗಳ ಫೋಟೋ ನೋಡುತ್ತಿದ್ದ. ಇಸ್ತ್ರಿಯವಳು ಕೈಸನ್ನೆ ಮಾಡಿ ಕೇಳಿದಾಗ ಕೊಟ್ಟ. ಅವಳು ಆಂಬುಲೆನ್ಸಿಗೆ ಫೋನ್ ಮಾಡಿದಳು.

ಆಂಬುಲೆನ್ಸ್ ಬಂತು. ಗೇಟಿನಲ್ಲಿ ಮೇಸ್ತ್ರಿ ಡ್ರೈವರನ ಹೆಗಲ ಮೇಲೆ ಕೈಹಾಕಿ, "ಯಾರೋ ತಮಾಷೆ ಮಾಡಿದಾರೆ ಬಿಡಿ," ಎಂದು ನಗುವುದು ಕಿಟಕಿಯ ಸರಳುಗಳ ನಡುವಿನಿಂದ ಕಾಣಿಸಿತು, ಕೇಳಿಸಿತು. ಗಾಡಿ ಬಂದ ದಾರಿಯಲ್ಲೇ ತಿರುಗಿತು.

"ಅತ್ತಿಗೇ..." ಎಂದಳು ನಾದಿನಿ. ಆಮೇಲೆ ಅವಳ ಕಣ್ಣು ಮೇಲಾಯಿತು.

ಇಸ್ತ್ರಿಯವಳು ಪೊಲೀಸರಿಗೆ ಫೋನ್ ಮಾಡಿದಳು. "ಇಲ್ಲೊಬ್ಬ ಬಂದೂಕು ಹಿಡ್ಕೊಂಡಿದಾನೆ. ನಮ್ಮನ್ನೆಲ್ಲ ಕೂಡಿಹಾಕಿದಾನೆ. ಬೇಗ ಬನ್ನಿ!"

ಕೂಡಿಹಾಕಿದ್ದು ನಿಜವೇ ಆಗಿತ್ತು.

ಈ ಸಲ ಬಂದ ಪೊಲೀಸರು ಗೇಟಿನಲ್ಲಿ ನಿಂತು ಮಾತಾಡಲಿಲ್ಲ. ಬಾಗಿಲು ಮುರಿದು ಬಿತ್ತು. ಹೆಂಗಸರು ಚೀರಿದರು. ಅದೇ ಹೊತ್ತಿಗೆ ಬಾಯ್ಲರ್ ಕೋಣೆಯಿಂದ ತಾತ ಈಚೆ ಬಂದ. ಕೆಂಡ ಕೆದಕುವ ಉದ್ದನೆಯ ಕಬ್ಬಿಣದ ಸಲಾಕೆ ಕೈಯಲ್ಲಿತ್ತು.

"ಬಿಸಾಕೋ! ಬಿಸಾಕೋ ಬೋಳಿಮಗನೇ!"

ತಾತ ಮನುಷ್ಯರ ತುಟಿ ನೋಡಿ ಮಾತು ತಿಳಿಯುವವನು. ಆ ಹಬೆಯಲ್ಲಿ ಯಾರ ತುಟಿಯೂ ಕಾಣುವಂತಿರಲಿಲ್ಲ. ಅವನು ಇನ್ನೊಂದು ಹೆಜ್ಜೆ ಮುಂದೆ ಇಟ್ಟ.

ಅವನಲ್ಲ ಎಂದು ಕೂಗಲು ಇಸ್ತ್ರಿಯವಳು ಬಾಯಿ ತೆರೆದಳು. ಸುಳ್ಳು ಹೇಳಲು ಸಲೀಸಾಗಿ ಬಂದಿದ್ದ ದನಿ ಈಗ ಹೊತ್ತಿಗೆ ಬರಲಿಲ್ಲ. ಗುಂಡು ತಾತನ ಮಂಡಿಗೆ ಬಿತ್ತು.

ನಾದಿನಿಯನ್ನೂ ತಾತನನ್ನೂ ಒಂದೇ ಗಾಡಿಯಲ್ಲಿ ಹಾಕಿಕೊಂಡು ಹೋದರು. ನಾದಿನಿ ಬದುಕಿದಳು. ಮಗು ಉಳಿಯಲಿಲ್ಲ. ತಾತನ ಕಾಲನ್ನು ಮಂಡಿಯ ಮೇಲಿನಿಂದ ಕತ್ತರಿಸಿ ತೆಗೆದರು. ಫೋನ್ ಅವನ ಹೆಸರಲ್ಲಿತ್ತು. ಸುಳ್ಳು ಕರೆ ಮಾಡಿ ಪೊಲೀಸರನ್ನು ಕರೆಸಿದ್ದಕ್ಕೆ ಜೈಲು ಎಂದು, ಕೈಗೆ ಕೋಳ ಹಾಕಿ ಮಂಚಕ್ಕೆ ಬಿಗಿದರು.

"ಕಿವುಡ ಫೋನ್ ಮಾಡ್ತಾನೇನ್ರೀ?" ಎಂದು ನರ್ಸ್ ಕೇಳಿದ್ದಕ್ಕೆ ಕಾವಲಿನ ಪೊಲೀಸ್, "ಕಿವುಡು ಅನ್ನೋದೇ ನಾಟಕ," ಎಂದನಂತೆ.

"ಸುಮ್ನಿರೇ. ನನ್ನ ತಂಗಿ ಬದುಕಿದ್ಲಲ್ಲ, ಸಾಕು. ನೀನು ಒಳಗೆ ಹೋದ್ರೆ ಅವಳನ್ನ ನೋಡ್ಕೊಳ್ಳೋರು ಯಾರು?" ಎಂದ ಇಸ್ತ್ರಿಯವಳ ಗಂಡ.

ಅವಳು ಸುಮ್ಮನಿರಲು ನೋಡಿದಳು. ಆಗಲಿಲ್ಲ. ಕೊನೆಗೆ ಆಸ್ಪತ್ರೆಗೆ ಹೋಗಿ ತಾತನ ಮುಂದೆ ನಿಂತು, "ನಾನೇ ಅಂತ ಹೇಳ್ತೀನಿ," ಎಂದಳು. ತಾತ ಅವಳ ತುಟಿಯನ್ನೇ ನೋಡಿದ. ಕೋಳವಿಲ್ಲದ ಕೈಯೆತ್ತಿ, ತನ್ನ ಬಾಯಿಯ ಮೇಲೆ ಬೆರಳಿಟ್ಟು, ಬೇಡವೆಂದು ತಲೆಯಾಡಿಸಿದ. ಅವನು ಬೈದಿದ್ದರೆ ಮನೆಗೆ ಹೋಗುತ್ತಿದ್ದಳೇನೋ. ನೆಟ್ಟಗೆ ಠಾಣೆಗೆ ಹೋದಳು.

"ಫೋನ್ ಮಾಡಿದ್ದು ನಾನು. ಹಿಡ್ಕೊಳ್ಳಿ."

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟ. "ಅಪರಾಧಿ ಸಿಕ್ಕಿದಾನೆ. ಮನೆಗೆ ಹೋಗು."

"ಅವ್ನಿಗೆ ಏನೂ ಗೊತ್ತಿಲ್ಲ ಸಾರ್. ಫೋನಲ್ಲಿ ಕೇಳಿದ್ದು ಹೆಂಗಸಿನ ದನಿ ಅಲ್ವಾ?"

"ಅವ್ನಲ್ಲ ಅಂತ ಬರ್ಕೊಂಡ್ರೆ, ಮತ್ಯಾಕೆ ಹೊಡೆದ್ರಿ ಅಂತ ನಮ್ಮನ್ನ ಕೇಳ್ತಾರೆ. ತಿಳೀತಾ?"

"ಹಂಗಾದ್ರೆ ಹೊರಗಿಂದ ಬೀಗ ಹಾಕಿದವ್ನಿಗೆ ಏನು ಶಿಕ್ಷೆ?"

"ಬಾಯಿ ಜಾಸ್ತಿ ಆಯ್ತು. ಎಳ್ಕೊಂಡು ಹೋಗ್ರೋ ಇವಳನ್ನ!"

ಪೇದೆ ಅವಳ ರಟ್ಟೆ ಹಿಡಿದು ಮೆಟ್ಟಿಲಿನಾಚೆ ದಬ್ಬಿದ. ಅವಳು ಎದ್ದು ಮತ್ತೆ ಮೆಟ್ಟಿಲ ಮೇಲೆ ಬಂದು ಕೂತಳು. ಕಳೆದುಹೋದ ಸೈಕಲ್ಲಿನ ಬಗ್ಗೆ ದೂರು ಕೊಡಲು ಬಂದ ಮುದುಕಿಯೊಬ್ಬಳು, "ಯಾಕಮ್ಮಾ, ಏನಾಯ್ತು?" ಎಂದಳು.

"ತಪ್ಪು ನಂದು. ಕಾಲು ಹೋಗಿದ್ದು ಇನ್ನೊಬ್ಬಂದು," ಎಂದು ಅವಳು ಶುರು ಮಾಡಿದಳು. ದಾರಿಹೋಕರು ಒಬ್ಬೊಬ್ಬರಾಗಿ ನಿಂತರು. ಒಳಗಿನಿಂದ ಯಾರೋ ಕಿಟಕಿ ಮುಚ್ಚಿದರು. ಅವಳು ದನಿ ಏರಿಸಿದಳು.